ಪುಚೊಂಗ್ ಹಜಾರದಲ್ಲಿ ಹರಿದ ಲಾಟ್ ನದಿ

ಮೊನ್ನೆ ಒಂದು ಮಧ್ಯಾಹ್ನ ಯಾವುದೋ ಕೆಲಸಕ್ಕೆ ಮಲೇಷ್ಯಾದ ಪುಚೊಂಗ್‌ಗೆ ಹೋಗಿದ್ದೆ. ನಾವು ಮೊದಲು ಬಾಡಿಗೆಗಿದ್ದ ಕಾಂಡೊ ಕಟ್ಟಡದ ಎದುರು, ಇಲ್ಲಿ ಮಾಮಾಕ್ ಅನ್ನುವ, ತಮಿಳು ಮುಸ್ಲಿಮರ ಒಂದು ಹೋಟೆಲಿದೆ. ಅಲ್ಲಿ ಚಹಾಕ್ಕೆ ಹೇಳಿ ಕೂತಿದ್ದಾಗ ಮಳೆ ಬಂತು. ಇಲ್ಲಿಯ ಮಳೆಗೆ ನಾಚಿಕೆ ಸಂಕೋಚ ಒಂದೂ ಇಲ್ಲ, ಬಂದರೆ ಒಮ್ಮೆಲೇ ಬಂದುಬಿಡುತ್ತದೆ. ಕಾದ ಸಿಮೆಂಟಿನ ಮೇಲೆ ನೀರು ಬಿದ್ದು ಎದ್ದ ವಾಸನೆ ಮೂಗಿಗೆ ಬಡಿದದ್ದೇ ತಡ, ತಲೆ ಎತ್ತಿ ನಮ್ಮ ಹಳೆಯ ಮಹಡಿಯನ್ನು ನೋಡಿದೆ. ಬಾಲ್ಕನಿಯಲ್ಲಿ ಯಾರದೋ ಬಟ್ಟೆ ನೆನೆಯುತ್ತಿತ್ತು. ಆ ಬಾಲ್ಕನಿಯ ಒಳಗಿನ ಹಜಾರದಲ್ಲಿ, 2020ರಲ್ಲಿ, ಜೂನ್‌ನಿಂದ ಅಕ್ಟೋಬರ್‌ವರೆಗೆ ಫ್ರಾನ್ಸಿನ ಒಂದು ನದಿ ಹರಿದಿತ್ತು ಅಂದರೆ ಈಗ ಅಲ್ಲಿರುವವರು ನಂಬಲಿಕ್ಕಿಲ್ಲ. ನಂಬದಿದ್ದರೆ ಬಿಡಲಿ. ಆ ಐದು ತಿಂಗಳ ಬಗ್ಗೆ ಜಂಬ ಕೊಚ್ಚಿಕೊಳ್ಳುವುದನ್ನು ನಾನಂತೂ ಇನ್ನೂ ಬಿಟ್ಟಿಲ್ಲ.

ನದಿಯ ಹೆಸರು ಲಾಟ್. ಫ್ರಾನ್ಸಿನ ದಕ್ಷಿಣದ ಗುಡ್ಡಗಳಲ್ಲಿ ಹುಟ್ಟಿ ಪಶ್ಚಿಮಕ್ಕೆ ಹೊರಟು ಗರೋನ್ ಎಂಬ ದೊಡ್ಡ ನದಿಯನ್ನು ಸೇರುತ್ತದೆ. ನೆಟ್ಟಗೆ ಹೋಗುವ ಅಭ್ಯಾಸವೇ ಅದಕ್ಕಿಲ್ಲ. ಸುಣ್ಣಕಲ್ಲಿನ ಬಯಲನ್ನು ಕೊರೆದುಕೊಂಡು ಎಡಕ್ಕೆ ಸುತ್ತಿ, ಬಲಕ್ಕೆ ಸುತ್ತಿ, ಕೆಲವು ಕಡೆ ಇನ್ನೇನು ತನ್ನನ್ನೇ ಮುಟ್ಟಿಬಿಡುತ್ತದೆ ಅನ್ನುವಷ್ಟು ಹತ್ತಿರ ಬಂದು ಮತ್ತೆ ದೂರ ಸರಿಯುತ್ತದೆ. ಕಾಓರ್ ಎಂಬ ಊರನ್ನು ಮೂರು ಕಡೆಯಿಂದ ಅಪ್ಪಿಕೊಂಡಿದೆ. ಹಿಂದೆ ಚಪ್ಪಟೆ ದೋಣಿಗಳಲ್ಲಿ ದ್ರಾಕ್ಷಾರಸದ ಪೀಪಾಯಿಗಳನ್ನು ಹೇರಿಕೊಂಡು ಕೆಳಗೆ ಹೋಗುತ್ತಿದ್ದರಂತೆ. ರೈಲು ಬಂದ ಮೇಲೆ ನದಿಯನ್ನು ಕೇಳುವವರಿಲ್ಲವಾಯಿತು. ಎಷ್ಟೋ ಕಾಲದ ನಂತರ ಪ್ರವಾಸಿಗಳಿಗಾಗಿ ಅದನ್ನು ಮತ್ತೆ ಎಬ್ಬಿಸಿದರು. ನೀರನ್ನು ಏರಿಸಿ ಇಳಿಸಿ ದೋಣಿ ದಾಟಿಸುವ ಲಾಕ್ ಗೇಟುಗಳನ್ನು ರಿಪೇರಿ ಮಾಡಿದರು. ಈಗ ಅಲ್ಲಿ ಮನೆಯಂಥ ದೋಣಿಗಳನ್ನು ವಾರದ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ಅಡುಗೆಮನೆ, ಮಂಚ, ಸ್ನಾನ ಎಲ್ಲ ಅದರಲ್ಲೇ. ಓಡಿಸುವುದಕ್ಕೆ ಲೈಸೆನ್ಸ್ ಬೇಡ. ಮನುಷ್ಯ ನಡೆಯುವ ವೇಗದಲ್ಲಿ ಹೋಗುತ್ತದೆ, ಗೇಟು ಬಂದರೆ ಇಳಿದು ತಾವೇ ಹ್ಯಾಂಡಲ್ ತಿರುಗಿಸಿ ದಾಟಬೇಕು.

ಇಷ್ಟೆಲ್ಲ ಹೇಳುವ ನಾನು ಆ ನದಿಯಲ್ಲಿ ಕಾಲು ಅದ್ದಿದವಳಲ್ಲ. ನಾನು ಅದರ ಫೋನಿಗೆ ಉತ್ತರ ಕೊಡುವವಳು. ಮದುವೆಗೆ ಮೊದಲು ಮೈಸೂರಿನ ಒಂದು ಕಾಲೇಜಿನಲ್ಲಿ ಫ್ರೆಂಚ್ ಪಾಠ ಮಾಡುತ್ತಿದ್ದೆ. ಗಂಡ ಗಿರೀಶ ಸೈಬರ್‌ಜಯಾದ ಸಾಫ್ಟ್‌ವೇರ್ ಕೆಲಸಕ್ಕೆ ಬಂದ ಮೇಲೆ ನನ್ನ ಫ್ರೆಂಚ್ ಪೆಟ್ಟಿಗೆಯ ತಳ ಸೇರಿತು. ವರ್ಷಗಟ್ಟಲೆ ನಾನು ಗಿರೀಶನ ಹೆಂಡತಿ, ಅನಘಾಳ ಅಮ್ಮ. ಮಗಳು ಹೈಸ್ಕೂಲಿಗೆ ಬಂದಾಗ ಸೈಬರ್‌ಜಯಾದಲ್ಲೇ ಒಂದು ಕಂಪನಿಯಲ್ಲಿ ಫ್ರೆಂಚ್ ಡೆಸ್ಕ್ ಶುರುವಾಗುತ್ತಿದೆ ಎಂದು ಗೊತ್ತಾಯಿತು. ಲಾಟ್ ನದಿಯ ದೋಣಿಗಳ ಫೋನನ್ನು ಮಲೇಷ್ಯಾದಿಂದ ನೋಡಿಕೊಳ್ಳುವ ಕೆಲಸ. ಜನವರಿಯಲ್ಲಿ ಸೇರಿದೆ. ಮಾರ್ಚ್‌ನಲ್ಲಿ ಜಗತ್ತಿನ ಬಾಗಿಲೇ ಮುಚ್ಚಿತು. ಕಂಪನಿಯವರು ಒಂದು ಲ್ಯಾಪ್‌ಟಾಪ್ ಕೊಟ್ಟು ಮನೆಗೆ ಕಳಿಸಿದರು.

ಜೂನ್ ಬಂದಾಗ ಫ್ರಾನ್ಸಿನವರಿಗೆ ಹೊರಗೆ ಬಿಡುಗಡೆ. ವಿದೇಶಕ್ಕೆ ಹೋಗುವಂತಿಲ್ಲ, ಹೋಟೆಲಿಗೆ ಹೋಗಲು ಭಯ. ತಮ್ಮದೇ ದೋಣಿ, ತಮ್ಮದೇ ಗಾಳಿ ಎಂದು ಎಲ್ಲರೂ ನದಿಗೇ ಬಂದರು. ಆಗ ನನಗೆ ಪರಿಚಯವಾದವರು ಮದಾಮ್ ಸಿಲ್ವಿ. ನದಿದಂಡೆಯ ದೋಣಿಕಟ್ಟೆಯ ಯಜಮಾನಿ, ಅಲ್ಲೇ ಹುಟ್ಟಿ ಬೆಳೆದ ಹೆಂಗಸು. ಮೊದಲ ದಿನವೇ ಮುಖಕ್ಕೆ ಹೊಡೆದ ಹಾಗೆ ಹೇಳಿದರು:

"ಮದಾಮ್, ನಿಮ್ಮ ಫ್ರೆಂಚ್ ಚೆನ್ನಾಗಿದೆ. ಆದರೆ ನನ್ನ ನದಿಯನ್ನು ನೀವು ನೋಡಿಲ್ಲ. ನೋಡದೆ ಇರುವವರು ಅದನ್ನು ಕಾಯುವುದು ನನಗೆ ಒಪ್ಪಿಗೆಯಿಲ್ಲ. ಈ ಒಂದು ಸೀಸನ್ ನೋಡುತ್ತೇನೆ."

ನನಗೆ ಉರಿದುಹೋಯಿತು. ಅಷ್ಟು ವರ್ಷದ ಮೇಲೆ ನನ್ನದು ಅಂತ ಒಂದು ಕೆಲಸ ಸಿಕ್ಕಿದೆ, ಅದನ್ನು ಈಕೆ ಒಂದು ಸೀಸನ್ನಿನ ಭಿಕ್ಷೆಯಾಗಿ ಕೊಡುತ್ತಾರಂತೆ. ಅವತ್ತೇ ತೀರ್ಮಾನ ಮಾಡಿದೆ, ಅಕ್ಟೋಬರ್‌ನಲ್ಲಿ ಈಕೆಯ ಬಾಯಿಂದಲೇ ಹೌದು ಅನ್ನಿಸಬೇಕು.

ಮನೆಯಲ್ಲಿ ಆಗ ಇನ್ನೊಬ್ಬರು ಸಿಕ್ಕಿಹಾಕಿಕೊಂಡಿದ್ದರು. ನಮ್ಮತ್ತೆ ಸುಂದರಾಬಾಯಿ. ಫೆಬ್ರವರಿಯಲ್ಲಿ ಧಾರವಾಡದಿಂದ ಮೊಮ್ಮಗಳನ್ನು ನೋಡಿ ಹೋಗಲು ಬಂದವರು, ವಿಮಾನ ನಿಂತು ಇಲ್ಲೇ ಉಳಿದರು. ಗಿರೀಶ ಒಂದು ಕೋಣೆಯಲ್ಲಿ, ಅನಘಾಳ ಆನ್‌ಲೈನ್ ಕ್ಲಾಸು ಇನ್ನೊಂದರಲ್ಲಿ, ನಾನು ಹಜಾರದ ಊಟದ ಮೇಜಿನ ಮೇಲೆ. ಅತ್ತೆಗೆ ಉಳಿದದ್ದು ಸೋಫಾ. ಅಲ್ಲಿ ಕೂತು ನನ್ನ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಫ್ರೆಂಚ್ ತಿಳಿಯದಿದ್ದರೂ ಊರ ಹೆಸರುಗಳು ಅವರ ಕಿವಿಗೆ ಹತ್ತಿಬಿಟ್ಟವು.

"ಶುಭಾ, ಆ ಬೂಝಿಯೆಸ್ ಅಂತೀಯಲ್ಲ, ಅದು ವೇರ್‌ಗಿಂತ ಮೊದಲ ಬರ್ತದೋ ಆಮ್ಯಾಲೋ?" ಎಂದು ಒಂದು ದಿನ ಕೇಳಿದರು.

ನಾನು ಫೋನಿನಲ್ಲಿ ನಕ್ಷೆ ತೆಗೆದು ತೋರಿಸಿದೆ. ಅತ್ತೆ ಕನ್ನಡಕ ಏರಿಸಿ, ಇಳಿಸಿ, ಬೆರಳಿನಿಂದ ಆ ಪುಟ್ಟ ಗೆರೆಯನ್ನು ಹಿಂಬಾಲಿಸಿ ಬೇಸರಪಟ್ಟರು. "ಇದ್ರಾಗ ಏನ್ ಕಾಣಸ್ತದವಾ ನಿನಗ? ಹೊಳಿ ಅಂದ್ರ ಹೊಳಿಯಂಗ ಇರಬೇಕು. ತಾಳು, ನಾ ಬರದ ಕೊಡ್ತೀನಿ."

ಬರೆದೇ ಬಿಟ್ಟರು. ಕೆಳಗಿನ ತಮಿಳರ ಅಂಗಡಿಯಲ್ಲಿ ಕೋಲಮಾವು ಅಂತ ಸಿಗುವ ರಂಗೋಲಿ ಪುಡಿ ತರಿಸಿದರು. ಮೇಜಿನ ಮುಂದಿನ ಟೈಲ್ಸಿನ ಮೇಲೆ ಗೋಡೆಯಿಂದ ಗೋಡೆಗೆ ನದಿ ಹರಿಯಿತು. ಬೆರಳ ಸಂದಿಯಿಂದ ಒಂದೇ ಎಳೆ ಬಿಡುತ್ತ, ನಡುವೆ ಎಲ್ಲೂ ಕಡಿಯದೆ, ಒಂದೊಂದು ತಿರುವನ್ನೂ ಅವರು ಸುತ್ತಿದ ರೀತಿ ನೋಡಿ ನಾನು ಕುರ್ಚಿ ಹಿಂದಕ್ಕೆ ಎಳೆದು ಜಾಗ ಬಿಟ್ಟೆ. ಬಂಡೆಗೋಡೆ ಇದ್ದ ಕಡೆ ಜೋಡಿ ಗೆರೆ, ತಗ್ಗಿನ ದಂಡೆಗೆ ಚುಕ್ಕಿ, ಲಾಕ್ ಗೇಟಿಗೆ ಅರಿಶಿನದ ಬೊಟ್ಟು, ಸೇತುವೆಗೆ ಕುಂಕುಮದ ಅಡ್ಡಗೆರೆ. ದೋಣಿಗಳಿಗೆ ಹುಣಸೆ ಬೀಜ. ಅಲ್ಲಿಯ ದೋಣಿಗಳಿಗೆ ಹಕ್ಕಿಗಳ ಹೆಸರಿದ್ದವು. ನಾನು ಅವನ್ನು ಕನ್ನಡಕ್ಕೆ ತಂದು ಕೊಟ್ಟೆ: ಕೊಕ್ಕರೆ, ಮಿಂಚುಳ್ಳಿ, ಬಾತುಕೋಳಿ. ದೋಣಿಯವರು ದಿನವೂ ಬೆಳಿಗ್ಗೆ ಫೋನ್ ಮಾಡಿ, ರಾತ್ರಿ ಎಲ್ಲಿ ತಂಗಿದ್ದೆವು, ಇವತ್ತು ಎತ್ತ ಹೊರಡುತ್ತೇವೆ ಅಂತ ಹೇಳಬೇಕಿತ್ತು. ಅಲ್ಲಿಯ ಬೆಳಿಗ್ಗೆ ಅಂದರೆ ನಮಗೆ ಊಟವಾದ ಹೊತ್ತು. ನಾನು ಮಾತಾಡುತ್ತಿದ್ದಂತೆ ಅತ್ತೆ ಪಗಡೆಯ ಕಾಯಿ ನಡೆಸಿದ ಹಾಗೆ ಬೀಜಗಳನ್ನು ನಡೆಸುತ್ತಿದ್ದರು.

ಅನಘಾ ನೀರು ಕುಡಿಯಲು ಬಂದವಳು ಹೊಸ್ತಿಲಲ್ಲೇ ನಿಂತಳು. "ಅಜ್ಜಿ! ಹೌ ಟು ವಾಕ್ ಲಾ?"

"ದಂಡಿ ಹಿಡದು ಬಾ. ಹೊಳ್ಯಾಗ ಕಾಲಿಟ್ಟರ ನೋಡು," ಅಂದರು ಅತ್ತೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಎಲ್ಲರೂ ಗೋಡೆ ಸವರಿಕೊಂಡೇ ಓಡಾಡಿದರು. ಗಿರೀಶ ಹೋಟೆಲಿನಿಂದ ಕಟ್ಟಿಸಿಕೊಂಡ ತಪಾವ್ ಪೊಟ್ಟಣ ಹಿಡಿದು ಬಂದರೆ ಸೋಫಾದ ಮೇಲೆ ಹತ್ತಿ ಅಡುಗೆಮನೆ ಸೇರಬೇಕಿತ್ತು. ದಿನವೂ ಬೆಳಿಗ್ಗೆ ಅತ್ತೆ ಹಳೆಯ ನದಿಯನ್ನು ಒರೆಸಿ, ಸ್ನಾನ ಮಾಡಿ, ಹೊಸದನ್ನು ಬರೆಯುತ್ತಿದ್ದರು. ನಿನ್ನೆಯ ರಂಗೋಲಿ ಇವತ್ತಿಗೆ ಉಳಿಯಬಾರದು, ಅದು ಅವರ ನೇಮ.

ಎಡವಟ್ಟು ಆದದ್ದು ಅಲ್ಲೇ. ನದಿ ಹುಟ್ಟುವ ಜಾಗ ದೇವರ ಕಡೆಗೇ ಇರಬೇಕು ಎಂದು ಅತ್ತೆಯ ಹಟ. ನಮ್ಮ ದೇವರ ಗೂಡು ಇದ್ದದ್ದು ನನ್ನ ಕುರ್ಚಿಯಿಂದ ನೋಡಿದರೆ ಎಡಕ್ಕೆ. ಪರದೆಯ ನಕ್ಷೆಯಲ್ಲಿ ನದಿ ಬಲದಿಂದ ಎಡಕ್ಕೆ ಹರಿಯುತ್ತದೆ. ಅಂದರೆ ನಮ್ಮ ನೆಲದ ಮೇಲಿನದು ಪೂರ್ತಿ ತಲೆಕೆಳಗು. ನದಿ ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತಾಗ ಬಲಗೈ ಕಡೆ ಬರುವುದು ಬಲದಂಡೆ, ಎಡಗೈ ಕಡೆಯದು ಎಡದಂಡೆ. ಇದು ದೋಣಿಯವರ ಲೆಕ್ಕ. ಪರದೆಯಲ್ಲಿ ಮೇಲಿನದು ಬಲದಂಡೆ ಎಂದು ರೂಢಿಯಾಗಿದ್ದ ನಾನು, ನೆಲದ ಮೇಲಿನ ನದಿ ನೋಡಿಯೂ ಮೇಲಿನದನ್ನೇ, ಅಂದರೆ ನನ್ನಿಂದ ಆಚೆಗಿದ್ದದ್ದನ್ನೇ, ಬಲದಂಡೆ ಅಂದುಬಿಟ್ಟೆ. ಬ್ರೆಡ್ ಅಂಗಡಿ ಕೇಳಿದ ದಂಪತಿ ನನ್ನ ಮಾತು ನಂಬಿ ಊರಿಲ್ಲದ ದಂಡೆಗೆ ದೋಣಿ ಕಟ್ಟಿದರು. ಊರು ಕಣ್ಣೆದುರಿಗೇ ಇದೆ, ನಡುವೆ ನದಿ. ಸೇತುವೆ ಹುಡುಕಿಕೊಂಡು ತುರಚೆ ಗಿಡಗಳ ನಡುವೆ ಚಡ್ಡಿ ಹಾಕಿಕೊಂಡು ನಡೆದರಂತೆ. ದಾರಿಯುದ್ದಕ್ಕೂ ನನ್ನನ್ನು ಏನೇನು ಬೈದರೋ ಗೊತ್ತಿಲ್ಲ, ಮದಾಮ್ ಸಿಲ್ವಿ ಬೈದದ್ದು ಮಾತ್ರ ಗೊತ್ತು.

"ನೋಡಿದಿರಾ? ಇದನ್ನೇ ನಾನು ಹೇಳಿದ್ದು. ಇವತ್ತು ಬ್ರೆಡ್ಡು, ನಾಳೆ ಪ್ರಾಣ. ಇನ್ನೊಂದು ಸಲ ದಂಡೆ ತಪ್ಪಿದರೆ ಈ ಡೆಸ್ಕ್ ಮುಚ್ಚಿ ಅಂತ ನಾನೇ ಕಂಪನಿಗೆ ಬರೆಯುತ್ತೇನೆ."

ನಾನು ಅತ್ತೆಗೆ ನದಿಯನ್ನು ತಿರುಗಿಸಿ ಬರೆಯಲು ಹೇಳಿದೆ. ಅವರು ಕೇಳಲಿಲ್ಲ. "ಹೊಳಿ ತಿರಗೂದಿಲ್ಲವಾ. ನೀ ತಿರುಗಿ ಕೂಡು." ಮೇಜನ್ನೂ ಕುರ್ಚಿಯನ್ನೂ ಆಚೆ ಬದಿಗೆ ಎಳೆದುಕೊಂಡು ಕೂತೆ. ಅಲ್ಲಿಂದ ನೋಡಿದರೆ ನೆಲವೂ ಪರದೆಯೂ ಒಂದೇ ಆದವು. ಮತ್ತೆ ದಂಡೆ ತಪ್ಪಲಿಲ್ಲ.

ಜುಲೈ, ಆಗಸ್ಟ್ ನನ್ನ ಬದುಕಿನ ಒಳ್ಳೆಯ ದಿನಗಳು ಅಂದರೆ ತಪ್ಪಿಲ್ಲ. ಹೊರಗೆ ಎಲ್‌ಆರ್‌ಟಿ ರೈಲು ಅರ್ಧ ಖಾಲಿಯಾಗಿ ಓಡುತ್ತಿತ್ತು, ಲಿಫ್ಟಿನಲ್ಲಿ ಜನ ಒಬ್ಬರಿಗೊಬ್ಬರು ಬೆನ್ನು ಹಾಕಿ ನಿಲ್ಲುತ್ತಿದ್ದರು. ನಮ್ಮ ಹಜಾರದಲ್ಲಿ ಮಾತ್ರ ಇಡೀ ಕಣಿವೆ ಬಿಸಿಲು ಕಾಯುತ್ತಿತ್ತು. ಬಂಡೆಯ ತುದಿಗೆ ಅಂಟಿಕೊಂಡಿರುವ ಸೆಂ ಸಿರ್ ಲಪೊಪಿ ಎಂಬ ಊರಿಗೆ ಹತ್ತುವ ದಾರಿ ಎಷ್ಟು ಕಡಿದು ಎಂದು ಮೊಣಕಾಲು ನೋವಿನವರಿಗೆ ಎಚ್ಚರಿಸಿದೆ. ದೋಣಿ ಎಳೆಯುವವರಿಗಾಗಿ ಬಂಡೆಯ ಹೊಟ್ಟೆಯಲ್ಲೇ ಕೆತ್ತಿದ ಹಳೆಯ ಕಾಲುದಾರಿಗೆ ಹೊಸ ಮದುವೆಯವರನ್ನು ಕಳಿಸಿದೆ. ಗುಹೆಯೊಳಗೆ ಆದಿಮಾನವರು ಬರೆದ ಚುಕ್ಕಿ ಕುದುರೆಗಳ ಚಿತ್ರ ಅತ್ತೆಗೆ ತೋರಿಸಿದಾಗ ಅವರು ಬಹಳ ಹೊತ್ತು ನೋಡಿ, "ಚುಕ್ಕಿ ಇಡೂದು ಅವರಿಗೂ ಗೊತ್ತಿತ್ತು ಅನ್ನು," ಎಂದರು. ಅಲ್ಲಿಯ ಕುರಿಗಳ ಕಣ್ಣಿನ ಸುತ್ತ ಕಪ್ಪು ಉಂಗುರ ಇರುತ್ತದೆ. ಫೋಟೋ ನೋಡಿ ಅತ್ತೆ ನಕ್ಕಿದ್ದೇ ನಕ್ಕಿದ್ದು. "ಅಯ್ಯ, ಕುರಿ ಕಾಡಿಗಿ ಹಚ್ಚಿಕೊಂಡಾವ! ಯಾರ ಮದವಿಗೆ ಹೊಂಟಾವ ಕೇಳು!"

ಆ ಫೋಟೋ ಧಾರವಾಡಕ್ಕೂ ಹೋಯಿತು, ಕಮಲಕ್ಕನಿಗೆ. ಕಮಲಕ್ಕ ಅತ್ತೆಯ ಹಿರಿಯ ವಾರಗಿತ್ತಿ. ಅವರ ಕಡೆ ನೆಗೆಣ್ಣಿ ಅನ್ನುತ್ತಾರೆ. ಒಂದೇ ಮನೆಗೆ ಸೊಸೆಯರಾಗಿ ಬಂದು, ಒಂದೇ ಒಲೆಯ ಮುಂದೆ ಜಗಳ ಆಡಿ, ಇಬ್ಬರೂ ಗಂಡಂದಿರು ಹೋದ ಮೇಲೂ ಒಟ್ಟಿಗೇ ಇದ್ದವರು. ಬಾಗಿಲಲ್ಲಿ ಅರ್ಧ ರಂಗೋಲಿ ಅಕ್ಕನದು, ಅರ್ಧ ತಂಗಿಯದು. ದಿನವೂ ವಿಡಿಯೋ ಕರೆಯಲ್ಲಿ ಕಮಲಕ್ಕ ನಮ್ಮ ನದಿಯನ್ನು ನೋಡಿ, "ಆ ಮೂಲ್ಯಾಗ ಎಳಿ ದಪ್ಪ ಆಗೇದ ನೋಡು," ಅಂತ ತಪ್ಪು ಹುಡುಕುತ್ತಿದ್ದರು.

ಸೆಪ್ಟೆಂಬರ್‌ನಲ್ಲಿ ಕಮಲಕ್ಕನಿಗೆ ಜ್ವರ ಬಂತು. ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಮನೆಯವರಿಗೂ ಮುಖ ನೋಡಲು ಬಿಡದ ದಿನಗಳು, ಇನ್ನು ನಮಗೆಲ್ಲಿ. ಅತ್ತೆ ಅಳಲಿಲ್ಲ. ತಲೆಗೆ ನೀರು ಹಾಕಿಕೊಂಡು ಬಂದು, ಬಾಲ್ಕನಿಯ ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತರು. ದೇವರ ಗೂಡಿನ ದೀಪ ನಿಂತಿತು. ಸೂತಕದ ಮನೆಯಲ್ಲಿ ರಂಗೋಲಿ ಇಲ್ಲ. ನದಿಯೂ ಇಲ್ಲ. ಬರಿಯ ಟೈಲ್ಸಿನ ಮೇಲೆ ಎಲ್ಲರೂ ನೇರವಾಗಿ ನಡೆದಾಡಿದೆವು, ಅದು ಯಾರಿಗೂ ಹಿತವಾಗಲಿಲ್ಲ.

ನಾನು ಪರದೆ ನೋಡಿಕೊಂಡೇ ಕೆಲಸ ಮಾಡಿದೆ. ಮಿಂಚುಳ್ಳಿ ದೋಣಿಯನ್ನು ಆ ವಾರ ಬಾಡಿಗೆಗೆ ಪಡೆದವರು ನಿವೃತ್ತ ಮೇಷ್ಟ್ರೊಬ್ಬರು, ಜೊತೆಗೆ ಇಬ್ಬರು ಮೊಮ್ಮಕ್ಕಳು. ಹುಡುಗಿಯರು ಫೋನ್ ಕಸಿದುಕೊಂಡು, ಕಪ್ಪು ಕಣ್ಣಿನ ಕುರಿಗಳು ಎಲ್ಲಿ ಸಿಗುತ್ತವೆ ಎಂದು ಕೇಳಿದ್ದರು. ವೇರ್ ಊರಿಗಿಂತ ಮೊದಲಿನ ದೊಡ್ಡ ತಿರುವಿನಲ್ಲಿ ಒಂದು ಹುಲ್ಲುಗಾವಲಿದೆ, ಅಲ್ಲಿ ನೀರಿಗೆ ಇಳಿಯುತ್ತವೆ ಎಂದು ಹೇಳಿದ್ದೆ. ಅತ್ತೆಗೆ ಸ್ವಲ್ಪವಾದರೂ ನಗು ಬರಲಿ ಎಂದು ಅದನ್ನು ಅವರಿಗೂ ಹೇಳಿದೆ. ಅವರು ಬರೀ ತಲೆಯಾಡಿಸಿದರು.

ಮರುದಿನ ಮಧ್ಯಾಹ್ನ ಮೇಷ್ಟ್ರು ಫೋನ್ ಮಾಡಿ, ಸೆಂ ಸಿರ್ ಕೆಳಗಿನಿಂದ ಹೊರಟು ವೇರ್ ಕಡೆಗೆ ಇಳಿಯುತ್ತಿದ್ದೇವೆ ಅಂದರು. ಅಲ್ಲಿ ಸಣ್ಣ ಮಳೆ ಇತ್ತಂತೆ. ಎರಡು ತಾಸು ಕಳೆಯುವುದರೊಳಗೆ ಮದಾಮ್ ಸಿಲ್ವಿಯ ಕರೆ ಬಂತು. ದನಿ ಬೇರೆಯೇ ಆಗಿತ್ತು.

"ರಾತ್ರಿ ಮೇಲಿನ ಗುಡ್ಡಗಳಲ್ಲಿ ಭಾರೀ ಮಳೆ. ಸೆಲೆ ಏರುತ್ತಿದೆ. ಎಲ್ಲ ದೋಣಿಗಳಿಗೂ ಹೇಳಿ, ಇದ್ದಲ್ಲೇ ದಂಡೆಗೆ ಬರಲಿ, ಹಗ್ಗ ಉದ್ದ ಬಿಟ್ಟು ಕಟ್ಟಲಿ, ಇಳಿದು ಮೇಲೆ ಹೋಗಲಿ. ಈಗಲೇ."

ಸೆಲೆ ಅಂದರೆ ಬೂಝಿಯೆಸ್ ಹತ್ತಿರ ಲಾಟ್ ಅನ್ನು ಸೇರುವ ಉಪನದಿ. ಹಗ್ಗ ಗಿಡ್ಡ ಕಟ್ಟಿದರೆ ನೀರು ಏರಿದಾಗ ದೋಣಿ ಮೇಲೇಳಲಾಗದೆ ವಾಲಿಕೊಳ್ಳುತ್ತದೆ. ಒಂದೊಂದೇ ದೋಣಿಗೆ ಫೋನ್ ಮಾಡಿದೆ. ಎಲ್ಲರೂ ಎತ್ತಿದರು, ಮಿಂಚುಳ್ಳಿ ಎತ್ತಲಿಲ್ಲ. ಬಂಡೆಗೋಡೆಗಳ ನಡುವೆ ಸಿಗ್ನಲ್ ಸಿಗುವುದಿಲ್ಲ. ಮತ್ತೆ ಮಾಡಿದೆ. ಅಷ್ಟರಲ್ಲಿ ಪುಚೊಂಗ್‌ನ ಆಕಾಶವೂ ಕಪ್ಪಾಗಿ, ಒಂದು ಸಿಡಿಲಿಗೆ ಕರೆಂಟೂ ಹೋಯಿತು, ಇಂಟರ್ನೆಟ್ಟೂ ಹೋಯಿತು. ಪರದೆಯ ನಕ್ಷೆ ಅರ್ಧ ತೆರೆದು ಬೂದುಬಣ್ಣವಾಗಿ ನಿಂತಿತು. ಮೊಬೈಲಿನಲ್ಲೂ ಡೇಟಾ ಸಿಗಲಿಲ್ಲ, ಉಳಿದದ್ದು ಕರೆ ಮಾತ್ರ, ಅದರಲ್ಲಿ ಮದಾಮ್ ಸಿಲ್ವಿಯ ದನಿ.

"ನನ್ನ ಹತ್ತಿರ ಒಂದೇ ವ್ಯಾನ್ ಇದೆ. ಕೆಳಗಿನ ರಸ್ತೆಗೆ ನೀರು ಬರುತ್ತಿದೆ, ಒಂದು ದಂಡೆಗೆ ಹೋದರೆ ಇನ್ನೊಂದಕ್ಕೆ ಬರಲಾಗುವುದಿಲ್ಲ. ಮದಾಮ್, ಹೇಳಿ. ಎಡವೋ ಬಲವೋ?"

ತಿಂಗಳುಗಟ್ಟಲೆ ಕಣ್ಣೆದುರಿಗೇ ಹರಿದ ನದಿ ಆ ಕ್ಷಣಕ್ಕೆ ತಲೆಯೊಳಗೆ ಬರಿ ಗೋಜಲಾಯಿತು. ಖಾಲಿ ನೆಲ ನೋಡುತ್ತ ನಿಂತಿದ್ದೆ. ಅತ್ತೆ ಎದ್ದು ಬಂದದ್ದು ತಿಳಿಯಲಿಲ್ಲ.

"ಯಾವ ದೋಣಿ?"

"ಮಿಂಚುಳ್ಳಿ ಅತ್ತೆ. ಅಜ್ಜ, ಇಬ್ಬರು ಹುಡುಗೀರು. ಫೋನ್ ಎತ್ತಾ ಇಲ್ಲ. ಅಲ್ಲಿ ನೀರು ಏರ್ತಾ ಇದೆ."

ಅವರು ಅಡುಗೆಮನೆಯ ಕಪಾಟಿನಿಂದ ರಂಗೋಲಿ ಡಬ್ಬಿ ತಂದರು. ನಾನು ಬೇಡ ಅನ್ನಲಿಲ್ಲ, ಆದರೆ ಬಾಯಿಗೆ ಬಂದದ್ದು ಬಂತು. "ಅತ್ತೆ, ಸೂತಕ..."

"ಸೂತಕ ನನಗ ಗೊತ್ತದ. ಆಕಿ ನನ್ನ ಅಕ್ಕ," ಅಂದರು. "ರಂಗೋಲಿ ದೇವರಿಗೆ. ಇದು ದೇವರಿಗಲ್ಲ, ಹುಡುಗ್ಯಾರಿಗೆ. ಸರಿ ಅತ್ತಾಗ."

ಅವತ್ತಿನವರೆಗೂ ಅವರು ಅಷ್ಟು ಬೇಗ ಬರೆದದ್ದನ್ನು ನಾನು ನೋಡಿರಲಿಲ್ಲ. ಅನಘಾ ಓಡಿ ಬಂದು ಮೊಬೈಲ್ ಟಾರ್ಚು ಹಿಡಿದಳು. ಸೆಂ ಸಿರ್‌ನಿಂದ ವೇರ್‌ವರೆಗಿನ ತುಂಡು ಮಾತ್ರ. ತಿರುವಿನ ಹೊರಗೆ ಬಂಡೆಯ ಜೋಡಿ ಗೆರೆ, ಒಳಗೆ ತಗ್ಗುದಂಡೆಯ ಚುಕ್ಕಿ. ಗೆರೆ ಮೂಡುತ್ತಿದ್ದಂತೆ ನನ್ನ ತಲೆಯ ಗೋಜಲು ಬಿಚ್ಚಿಕೊಳ್ಳತೊಡಗಿತು. ಅಲ್ಲಿಯ ಬೆಳಿಗ್ಗೆ ಎಂಟಕ್ಕೆ ಹೊರಟಿದ್ದಾರೆ. ಲಾಕ್ ಗೇಟಿನಲ್ಲಿ ಒಂದಿಷ್ಟು ಹೊತ್ತು ಹೋಗುತ್ತದೆ. ನಡಿಗೆಯ ವೇಗ. ಮಳೆ ಜೋರಾದಾಗ ಎಲ್ಲೋ ದಂಡೆಗೆ ಬಂದಿರಲೇಬೇಕು. ದಂಡೆ ಸಿಗುವುದು ತಿರುವಿನ ಒಳಬದಿಯಲ್ಲಿ ಮಾತ್ರ, ಅದು ಒಂದು ತಿರುವಿನಲ್ಲಿ ಬಲಕ್ಕಿದ್ದರೆ ಮುಂದಿನದರಲ್ಲಿ ಎಡಕ್ಕೆ.

"ಈ ತಿರುವು ಇಲ್ಲಾ ಮುಂದಿನದು," ಅಂದೆ. "ಯಾವುದು ಅಂತ ಹೇಗೆ ಹೇಳೋದು?"

ಅತ್ತೆ ಹುಣಸೆ ಬೀಜವನ್ನು ಎರಡು ಬೆರಳಲ್ಲಿ ಹಿಡಿದು ನದಿಯ ಮೇಲೆ ಒಂದು ಗಳಿಗೆ ತಡೆದರು. "ನಿನ್ನಿ ಆ ಹುಡುಗ್ಯಾರು ಕುರಿ ಕೇಳಿದ್ರು ಅಂದೆಲ್ಲ. ಕುರಿ ಎಲ್ಲಿ ಇಳೀತಾವ?"

"ಮುಂದಿನ ತಿರುವಿನಲ್ಲಿ. ಹುಲ್ಲುಗಾವಲಿದೆ."

"ಮತ್ತೇನು. ಹುಡುಗ್ಯಾರು ಅಷ್ಟು ಕೇಳಿದಮ್ಯಾಲ ಅಜ್ಜ ಕುರಿ ತೋರಸದ ಮುಂದ ಹೋಗ್ತಾನೇನು? ಅಲ್ಲೇ ಅದಾನ." ಬೀಜ ಹುಲ್ಲುಗಾವಲಿನ ಚುಕ್ಕಿಗಳ ಪಕ್ಕ ಕೂತಿತು. "ಎಡಾನೋ ಬಲಾನೋ ನೀ ನಿಂತು ನೋಡಿ ಹೇಳು. ಸಾವಕಾಶ ನೋಡು."

ನಾನು ದೇವರ ಗೂಡಿಗೆ ಬೆನ್ನು ಮಾಡಿ, ನದಿ ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತೆ. ಬೀಜ ನನ್ನ ಎಡಗೈ ಕಡೆಗಿತ್ತು. ಎರಡು ಸಲ ನೋಡಿದೆ.

"ಎಡದಂಡೆ," ಎಂದು ಫೋನಿಗೆ ಹೇಳಿದೆ. "ವೇರ್‌ಗಿಂತ ಮೊದಲಿನ ತಿರುವು, ಕುರಿ ಹುಲ್ಲುಗಾವಲು."

"ಖಚಿತವೇ?"

"ಖಚಿತ," ಅಂದೆ. ಆ ಮಾತು ನನ್ನ ಬಾಯಿಂದ ಬಂದದ್ದಕ್ಕೆ ನನಗೇ ಆಶ್ಚರ್ಯ. ಎದುರಿಗೆ ನೆಲದ ಮೇಲೆ ಕೂತಿದ್ದ ಹೆಂಗಸಿನ ಮುಖದಲ್ಲಿ ಅನುಮಾನ ಇರಲಿಲ್ಲ, ಅದೇ ನನಗೂ ಸಾಕಾಯಿತು.

ಆಮೇಲೆ ಕಾಯುವುದು. ಗಿರೀಶ ಮೇಣದಬತ್ತಿ ಹಚ್ಚಿಟ್ಟ. ಅನಘಾ ಅಜ್ಜಿಯ ಪಕ್ಕ ಕೂತು ಅವರ ಪುಡಿ ಮೆತ್ತಿದ ಕೈ ಹಿಡಿದುಕೊಂಡಳು. ಹೊರಗೆ ಮಳೆ ನಿಂತು, ಕರೆಂಟು ಬಂದು, ಫ್ಯಾನು ತಿರುಗಿತು. ಗಾಳಿಗೆ ನದಿ ಅಳಿಸಬಾರದೆಂದು ಅತ್ತೆ ಎದ್ದು ಫ್ಯಾನ್ ಆರಿಸಿದರು. ಕಡೆಗೂ ಫೋನ್ ಬಂತು. ಮದಾಮ್ ಸಿಲ್ವಿ ಏದುಸಿರು ಬಿಡುತ್ತಿದ್ದರು. ಹುಲ್ಲುಗಾವಲಿನ ಅಂಚಿನ ಪಾಪ್ಲರ್ ಮರಕ್ಕೆ ಮೇಷ್ಟ್ರು ಹಗ್ಗ ಗಿಡ್ಡವಾಗಿ ಕಟ್ಟಿದ್ದರಂತೆ, ದೋಣಿ ಆಗಲೇ ಒಂದು ಬದಿಗೆ ವಾಲಿತ್ತಂತೆ. ಕುರಿಯವನೂ ಸಿಲ್ವಿಯೂ ಸೇರಿ ಏಣಿ ಹಾಕಿ ಮೂವರನ್ನೂ ಇಳಿಸಿದರು. ಹುಡುಗಿಯರು ಈಗ ಕುರಿಯವನ ಮನೆಯಲ್ಲಿ ಬಿಸಿ ಸೂಪು ಕುಡಿಯುತ್ತಿದ್ದಾರೆ. ಬಲದಂಡೆಗೆ ಹೋಗಿದ್ದರೆ ಎದುರಿನ ಬಂಡೆಯ ಮೇಲೆ ನಿಂತು ಬರೀ ನೋಡಬೇಕಿತ್ತು, ಎಂದರು. ನಿಮಗೆ ಹೇಗೆ ತಿಳಿಯಿತು ಎಂದು ಕೇಳಿದವರಿಗೆ ಅತ್ತೆಯ ರಂಗೋಲಿ ನದಿಯ ಕಥೆ ಬಿಚ್ಚಿದೆ.

ಹೇಳಿದೆ. ಮೂವರೂ ಪಾರಾದದ್ದು ಕೇಳಿ ಅತ್ತೆ "ಛಲೋ ಆತು" ಅಂದರು, ಅಷ್ಟೆ. ಬಟ್ಟೆ ಹಸಿ ಮಾಡಿ ತಂದು ನದಿಯನ್ನು ಪೂರ್ತಿ ಒರೆಸಿ, ಸ್ನಾನ ಮಾಡಿ, ಮತ್ತೆ ಬಾಲ್ಕನಿಯ ಬಾಗಿಲ ಹತ್ತಿರ ಗೋಡೆಗೆ ಒರಗಿದರು. ಅಲ್ಲಿ ಮೊದಲ ಬಾರಿಗೆ ಅಕ್ಕನಿಗಾಗಿ ಜೋರಾಗಿ ಅತ್ತರು. ನಾನು ಪಕ್ಕದಲ್ಲಿ ಕೂತೆ. ನಮ್ಮಿಬ್ಬರ ನಡುವೆ ಅತ್ತೆ ಸೊಸೆಯರ ಸಣ್ಣಪುಟ್ಟ ಕಿರಿಕಿರಿ ಇರಲಿಲ್ಲ ಎಂದಲ್ಲ. ಆದರೆ ಅವತ್ತು ಆ ಹೆಂಗಸಿನ ಬಗ್ಗೆ ನನಗೆ ಉಕ್ಕಿ ಬಂದ ಹೆಮ್ಮೆ ಇವತ್ತಿಗೂ ತಗ್ಗಿಲ್ಲ.

ಸೂತಕ ಕಳೆದು ನದಿ ಮತ್ತೆ ನೆಲಕ್ಕೆ ಬಂತು, ಅಕ್ಟೋಬರ್ ಬಂತು. ಕಣಿವೆಯ ಮೇಲಿನ ಬಯಲಿನಲ್ಲಿ ಕೇಸರಿ ಹೂ ಅರಳುವ ಕಾಲ. ನೇರಳೆ ಹೂಗಳನ್ನು ಬೆಳಿಗ್ಗೆಯೇ ಕೊಯ್ದು, ಮೇಜಿನ ಸುತ್ತ ಕೂತು ಕೆಂಪು ಎಳೆಗಳನ್ನು ಬಿಡಿಸುವುದನ್ನು ನೋಡಲು ಕೊನೆಯ ಪ್ರವಾಸಿಗಳು ಬಂದು ಹೋದರು. ಫ್ರಾನ್ಸಿನಲ್ಲಿ ಮತ್ತೆ ಬಾಗಿಲು ಮುಚ್ಚುವ ಮಾತು ಕೇಳುತ್ತಿತ್ತು. ದೋಣಿಗಳನ್ನು ಒಂದೊಂದಾಗಿ ಕಟ್ಟೆಗೆ ತಂದು ಕಟ್ಟಿದರು. ಅತ್ತೆ ಬೀಜಗಳನ್ನು ಒಂದೊಂದಾಗಿ ಎತ್ತಿ ಡಬ್ಬಿಗೆ ಹಾಕಿದರು. ಊರಿಗೆ ಹೋಗುವ ವಿಶೇಷ ವಿಮಾನದಲ್ಲಿ ಅವರಿಗೆ ಸೀಟು ಸಿಕ್ಕಿತ್ತು, ಹೊರಡುವುದು ಮುಂದಿನ ವಾರ.

ಸೀರೆಗಳನ್ನು ಮಡಚಿ ಪೆಟ್ಟಿಗೆಗೆ ಇಡುತ್ತಿದ್ದಾಗ ಮದಾಮ್ ಸಿಲ್ವಿಯ ಫೋನ್ ಬಂತು. ಇಡೀ ಸೀಸನ್ ನಾನು ಕಾದ ಕರೆ ಇದೇ.

"ಕಂಪನಿಗೆ ಬರೆದಿದ್ದೇನೆ," ಎಂದರು. "ಮುಂದಿನ ವರ್ಷವೂ ಫೋನ್ ಪುಚೊಂಗ್‌ನಲ್ಲೇ ಇರಲಿ ಅಂತ."

ನಾನು ಧನ್ಯವಾದ ಹೇಳಲು ಬಾಯಿ ತೆರೆದೆ. ಅವರು ತಡೆದರು.

"ಪೂರ್ತಿ ಕೇಳಿ ಮದಾಮ್. ಒಂದು ಷರತ್ತಿದೆ. ನೆಲದ ಮೇಲೆ ನನ್ನ ನದಿ ಬರೆಯುವ ಆ ಹೆಂಗಸು ಇರಬೇಕು. ಅವರಿಲ್ಲದಿದ್ದರೆ ನನಗೆ ಧೈರ್ಯವಿಲ್ಲ."

ಗೆದ್ದದ್ದು ಕೈಗೆ ಬರುತ್ತಲೇ ಜಾರಿತು ಅನ್ನಿಸಿತು. ಅತ್ತೆಯನ್ನು ಇಲ್ಲೇ ಇರಿ ಎಂದು ಕೇಳುವ ಹಾಗಿಲ್ಲ. ಕಮಲಕ್ಕನ ಮನೆ ಅವರಿಗಾಗಿ ಕಾಯುತ್ತಿತ್ತು. ಫೋನನ್ನು ಎದೆಗೆ ಒತ್ತಿಕೊಂಡು ಅತ್ತೆಗೆ ವಿಷಯ ಹೇಳಿದೆ. ನೀವು ಊರಿಗೆ ಹೋಗುತ್ತಿದ್ದೀರಿ ಎಂದು ನಾನೇ ಮದಾಮ್ ಸಿಲ್ವಿಗೆ ತಿಳಿಸುತ್ತೇನೆ, ಯೋಚಿಸಬೇಡಿ ಅಂದೆ.

ಅತ್ತೆ ಕೈಯಲ್ಲಿದ್ದ ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ನಾ ಹೋಗಾಕಿನ," ಎಂದರು. "ದಿನಾ ದೋಣಿಯವರು ಫೋನ್ ಮಾಡಿದಕೂಡ್ಲೆ ನನಗ ಹಚ್ಚು. ಯಾರು ಎಲ್ಲಿ ಅದಾರ ಹೇಳು. ಅಕ್ಕ ಇಲ್ಲದ ಮನ್ಯಾಗ ನನಗೂ ದಿನಾ ಯಾರನ್ನರ ಕಾಯೂದು ಬೇಕು. ಬರದು ಫೋಟೋ ಕಳಸ್ತೀನಿ." ಮತ್ತೆ ಸೀರೆ ಎತ್ತಿ ಮಡಚತೊಡಗಿದರು. ನಾನು ಫೋನನ್ನು ಇನ್ನೂ ಎದೆಗೇ ಒತ್ತಿಕೊಂಡು ನಿಂತಿದ್ದನ್ನು ನೋಡಿ ಅವರಿಗೆ ಸಿಟ್ಟು ಬಂತು.

"ಹಿಂಗ್ಯಾಕ ನಿಂತಿ? ಹೇಳು ಆಕಿಗೆ. ಧಾರವಾಡದಾಗ ನೆಲಾ ಇಲ್ಲೇನಂತ ಕೇಳು."